ನೇಸ್ ಊರಿನ ಏಪ್ರಿಲ್ ಚಾಟ್ನಿ

ಬಿಸಿ ಚಿಪ್ಸ್ ಮೇಲೆ ವಿನೆಗರ್ ಬಿದ್ದಾಗ ಏಳುವ ವಾಸನೆ ಒಂದು ಕ್ಷಣ ಮೂಗನ್ನು ಸುಡುತ್ತದೆ. ಕಳೆದ ವಾರ ಆಸ್ಪತ್ರೆಯಿಂದ ಮನೆಗೆ ಹೋಗುವಾಗ ಕಾರ್ಲಾಳ ಚಿಪ್ಸ್ ಅಂಗಡಿಯ ಮುಂದೆ ಆ ವಾಸನೆ ಬಂತು. ನಡಿಗೆ ತಾನಾಗಿಯೇ ನಿಧಾನವಾಯಿತು. ಆಗ ನನಗೆ ನೆನಪಾದದ್ದು ಕತ್ತರಿಸಿದ ಬಳ್ಳಿಯ ತುದಿಯಿಂದ ಖಾಲಿ ಬಕೆಟ್ಟಿಗೆ ನೀರು ತೊಟ್ಟಿಕ್ಕುತ್ತಿದ್ದ ಸದ್ದು. ಆ ಸದ್ದನ್ನು ನಾನು ಒಂದೇ ಒಂದು ವಸಂತದಲ್ಲಿ ಕೇಳಿಸಿಕೊಂಡೆ, ಇದೇ ಅಂಗಡಿಯ ಹಿತ್ತಿಲಿನಲ್ಲಿ. ಅದನ್ನು ನಡೆದ ಹಾಗೆಯೇ ಬರೆದಿಡಬೇಕು ಅನ್ನಿಸಿದೆ.

ಆ ವರ್ಷ ನಾವು ಅಂಗಡಿಯ ಮೇಲಿನ ಫ್ಲಾಟಿನಲ್ಲಿ ಬಾಡಿಗೆಗಿದ್ದೆವು. ಗಂಡ ಮಹೇಶ ಐರ್ಲೆಂಡಿನ ಈ ನೇಸ್ ಊರಿನ ಆಸ್ಪತ್ರೆಯಲ್ಲಿ ಡಾಕ್ಟರ್. ನಾನೂ ಡಾಕ್ಟರ್, ಆದರೆ ಈ ದೇಶದಲ್ಲಿ ಕೆಲಸ ಮಾಡಲು ಬರೆಯಬೇಕಾದ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿ ಮತ್ತೆ ಓದುತ್ತಿದ್ದೆ. ಐದು ವರ್ಷದ ಮಗಳು ಅವನಿ ಶಾಲೆಗೆ ಹೋದ ಮೇಲೆ ಕಿಟಕಿಯ ಬಳಿ ಪುಸ್ತಕ ಹಿಡಿದು ಕೂರುತ್ತಿದ್ದೆ. ಕೆಳಗೆ ಹಿತ್ತಿಲು ಕಾಣುತ್ತಿತ್ತು. ಅಲ್ಲಿ ಕಮಾನಿನ ಹಾಗೆ ಬಗ್ಗಿಸಿದ ಪೈಪುಗಳ ಮೇಲೆ ಪ್ಲಾಸ್ಟಿಕ್ ಹೊದಿಸಿದ ಒಂದು ಟನೆಲ್, ನಮ್ಮ ಕಡೆಯ ಪಾಲಿಹೌಸಿನ ತಮ್ಮನಂಥದ್ದು. ಅದರೊಳಗೆ ತೊಡೆಗಾತ್ರದ ಬುಡವಿದ್ದ ಒಂದೇ ಒಂದು ದ್ರಾಕ್ಷಿ ಬಳ್ಳಿ.

ಬಳ್ಳಿ ಬೆನ್ನಿಯದು. ಎಂಬತ್ತು ದಾಟಿದ ಬೆನ್ನಿ ಕಾರ್ಲಾಳ ಅಪ್ಪ, ಅಂಗಡಿಯ ಮೊದಲಿನ ಯಜಮಾನ. ಹುಟ್ಟಿದ್ದು ಇಟಲಿಯಲ್ಲಿ, ರೋಮಿನ ಆಗ್ನೇಯಕ್ಕಿರುವ ಒಂದು ಬೆಟ್ಟದ ಕಣಿವೆಯಲ್ಲಿ. ಆ ಕಣಿವೆಯ ಬಹಳ ಮನೆತನಗಳು ಐರ್ಲೆಂಡಿಗೆ ಬಂದು ಚಿಪ್ಸ್ ಅಂಗಡಿ ಇಟ್ಟಿವೆ. ಅಲ್ಲಿನ ಗುಡ್ಡದ ಮೇಲೆ ನೂರಾರು ವರ್ಷಗಳಿಂದ ವೈನ್ ಮಾಡುತ್ತ ಬಂದ ಒಂದು ಎಸ್ಟೇಟಿತ್ತು, ಈಗಲೂ ಇದೆ. ದಪ್ಪ ಗೋಡೆಯ ಮನೆ, ಬಂಡೆ ಕೊರೆದು ಮಾಡಿದ ನೆಲಮಾಳಿಗೆ. ಬೆನ್ನಿಯ ತಾತ, ಅಪ್ಪ ಎಲ್ಲ ಅಲ್ಲಿ ಅರ್ಧ ಪಾಲಿಗೆ ದುಡಿದವರು. ಅಲ್ಲಿ ಬಳ್ಳಿಗಳನ್ನು ಕಂಬಕ್ಕೆ ಕಟ್ಟುತ್ತಿರಲಿಲ್ಲವಂತೆ. ಸಾಲಿನಲ್ಲಿ ಮೇಪಲ್ ಮರಗಳನ್ನು ನೆಟ್ಟು ಒಂದೊಂದು ಮರಕ್ಕೆ ಒಂದೊಂದು ಬಳ್ಳಿ ಹತ್ತಿಸುತ್ತಿದ್ದರಂತೆ.

"ಮದುವೆ ಮಾಡಿಸೋದು ಅಂತಾರೆ ಅದಕ್ಕೆ," ಎಂದಿದ್ದರು ಬೆನ್ನಿ. "ಮರ ಗಂಡ, ಬಳ್ಳಿ ಹೆಂಡತಿ. ಭಾರ ಯಾರು ಹೊರ್ತಾರೆ ಅಂತ ಕೇಳಬೇಡ, ಕಾರ್ಲಾ ಜಗಳಕ್ಕೆ ಬರ್ತಾಳೆ."

ಆ ಎಸ್ಟೇಟಿಗೆ ಅದರದ್ದೇ ತಳಿಗಳಿದ್ದವು. ಬಿಳಿ ಮತುರಾನೊ, ಬಿಳಿ ಪಂಪನಾರೊ, ಕಪ್ಪು ಲೆಚಿನಾರೊ. ಎಲ್ಲದಕ್ಕಿಂತ ಕೊನೆಗೆ ಹಣ್ಣಾಗುತ್ತಿದ್ದ ಒಂದು ಕಪ್ಪು ದ್ರಾಕ್ಷಿಗೆ ಗುಡ್ಡದ ಜನ ಸೆರೋಟಿನಾ ಎನ್ನುತ್ತಿದ್ದರು, ತಡವಾಗಿ ಬರುವವಳು ಅಂತ. ಒಂದು ಕಾಲದಲ್ಲಿ ಯಜಮಾನರು ಮರಗಳನ್ನೆಲ್ಲ ಕಡಿಸಿ, ಪೇಟೆಯಲ್ಲಿ ಹೆಸರಿದ್ದ ಫ್ರೆಂಚ್ ತಳಿಗಳನ್ನು ತಂತಿಯ ಮೇಲೆ ಹಬ್ಬಿಸಿದರು. ಉಳಿದ ಮೂರು ಯಾರ್ಯಾರದೋ ಬೇಲಿಯಲ್ಲಿ ಬದುಕಿಕೊಂಡವು. ಸೆರೋಟಿನಾ ಎಲ್ಲಿಯೂ ಉಳಿಯಲಿಲ್ಲ. ಬೆನ್ನಿಯ ಅಪ್ಪ ಐರ್ಲೆಂಡಿಗೆ ಹೊರಟಾಗ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ತಂದ ಕಡ್ಡಿಗಳಲ್ಲಿ ಒಂದು ಮಾತ್ರ ಈ ಹಿತ್ತಿಲಿನಲ್ಲಿ ಚಿಗುರಿತ್ತು.

ಈಗ ಎಸ್ಟೇಟ್ ನೋಡಿಕೊಳ್ಳುತ್ತಿರುವವಳು ಎಲೆನಾ ಎಂಬ ಹುಡುಗಿ, ಆ ಯಜಮಾನರ ಮೊಮ್ಮಗಳು. ಬೇಸಿಗೆ ವರ್ಷವರ್ಷವೂ ಸುಡುತ್ತಿದ್ದು, ಫ್ರೆಂಚ್ ತಳಿಗಳು ಆಗಸ್ಟಿನಲ್ಲೇ ಬೆಂದ ಹಾಗೆ ಹಣ್ಣಾಗುತ್ತಿವೆ, ತಡವಾಗಿ ಬರುವ ಹಳೆಯ ಬಳ್ಳಿಗಳೇ ಬೇಕು ಅಂತ ಅವಳು ಹುಡುಕುತ್ತಿದ್ದಳು. ನೇಸ್‌ನಲ್ಲಿ ಒಂದು ಬಳ್ಳಿ ಉಳಿದಿದೆ ಎಂದು ಕಣಿವೆಯ ಜನರಿಂದ ಕೇಳಿ, ಆ ಜನವರಿಯಲ್ಲಿ ಅವಳು ಕಾರ್ಲಾಗೆ ಒಂದು ಫೋಟೊ ಕಳಿಸಿದಳು. ಎಸ್ಟೇಟಿನ ಊಟದ ಕೋಣೆಯ ಗೋಡೆಯಲ್ಲಿ ಯಾವುದೋ ಕಾಲದ ಚಿತ್ರಗಾರ ಅಲ್ಲಿನ ಪ್ರತಿಯೊಂದು ತಳಿಯನ್ನೂ ಎಲೆ, ಗೊಂಚಲು ಸಮೇತ ಬರೆದಿದ್ದ. ಕೊನೆಯ ಚಿತ್ರದಲ್ಲಿ ದೊಡ್ಡ ಗೊಂಚಲಿನ ಪಕ್ಕಕ್ಕೆ, ಉದ್ದ ತೊಟ್ಟಿನಿಂದ ಇನ್ನೊಂದು ಪುಟ್ಟ ಗೊಂಚಲು ಬೇರೆಯಾಗಿ ತೂಗುತ್ತಿತ್ತು. ಇದೇ ಸೆರೋಟಿನಾ ಅಂತ ಮನೆಯ ಹಿರಿಯರ ಮಾತು. ನಿಮ್ಮ ಬಳ್ಳಿಯದೂ ಹೀಗೇ ಇದ್ದರೆ ಮುಂದಿನ ಚಳಿಗಾಲ ಕಡ್ಡಿ ಒಯ್ಯುತ್ತೇನೆ, ಒಂದು ಪಾತಿ ಖಾಲಿ ಮಾಡಿಸಿದ್ದೇನೆ, ಆದರೆ ಅಕ್ಟೋಬರಿನಲ್ಲಿ ಬಂದು ಗೊಂಚಲು ಕಣ್ಣಾರೆ ನೋಡದೆ ನಮ್ಮಪ್ಪ ಒಪ್ಪುವುದಿಲ್ಲ. ಈ ವರ್ಷ ಆಗದಿದ್ದರೆ ಅಲ್ಲಿ ಮತ್ತೆ ಫ್ರೆಂಚ್ ಬಳ್ಳಿಯೇ, ಎಂದಿದ್ದಳು.

ಬೆನ್ನಿಗೆ ಅದಕ್ಕೂ ಮುಂಚಿನ ಕ್ರಿಸ್‌ಮಸ್ಸಿಗೇ ಸ್ಟ್ರೋಕ್ ಆಗಿತ್ತು. ಮಾತು ನಿಧಾನವಾಗಿ ಮರಳಿತು. ಬಲಗೈ ಮರಳಲಿಲ್ಲ. ಫೋಟೊ ನೋಡಿದ ದಿನ ಅವರು ಆ ಪುಟ್ಟ ಗೊಂಚಲಿನ ಮೇಲೆ ಎಡಗೈಯ ಬೆರಳಿಟ್ಟು, "ನಮ್ಮ ಬಳ್ಳಿಯದೂ ಹೀಗೇ ಇರುತ್ತೆ," ಎಂದರು. "ಆದರೆ ಬರೀ ಮುದುಕರ ಮಾತು ನಂಬಿ ಯಾರು ಪಾತಿ ಬಿಡ್ತಾರೆ? ತೋರಿಸಬೇಕು." ಬಳ್ಳಿ ಆ ಚಳಿಗಾಲ ಕತ್ತರಿ ಕಾಣದೆ ಜಡೆಗಟ್ಟಿ ನಿಂತಿತ್ತು. ಕಾರ್ಲಾಗೆ ಅಂಗಡಿಯೇ ಸಾಕುಬೇಕಾಗಿತ್ತು.

ಮಾರ್ಚ್ ಕೊನೆಗೆ ನಮ್ಮ ಅತ್ತೆ ಬಂದರು. ಹೆಸರು ನೀಲಮ್ಮ. ವಿಜಯಪುರದ ಕಡೆ ಅವರ ಮನೆಯದು ದ್ರಾಕ್ಷಿ ತೋಟ. ಆ ಸಲದ ಒಣದ್ರಾಕ್ಷಿ ಶೆಡ್ಡಿನಿಂದ ಇಳಿದ ಮೇಲೆ, ನನ್ನ ಪರೀಕ್ಷೆಗೆ ನೆರವಾಗಲೆಂದು ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ಬಂದ ಎರಡನೇ ದಿನವೇ ಬೆನ್ನಿಯ ಅಂಗೈಗೆ ಒಂದು ಹಿಡಿ ಒಣದ್ರಾಕ್ಷಿ ಹಾಕಿದರು.

ಬೆನ್ನಿ ಅಗಿದು ನೋಡಿ ಹುಬ್ಬೇರಿಸಿದರು. "ಬೀಜಾನೇ ಇಲ್ಲ! ಇದು ದ್ರಾಕ್ಷಿನಾ, ಪೆಪ್ಪರ್‌ಮೆಂಟಾ?"

ನಾನು ಕನ್ನಡದಲ್ಲಿ ಹೇಳಿದೆ. "ಬೀಜ ಉಗುಳಕೋತ ಕುಂದ್ರಾಕ ನಮಗ ಪುರುಸೊತ್ತಿಲ್ಲ ಅಂತ ಹೇಳು ಕಾಕಾರಿಗೆ," ಎಂದರು ಅತ್ತೆ.

ಬೆನ್ನಿ ನಕ್ಕರು. ಕಾಯಿಲೆಯಾದ ಮೇಲೆ ಅವರು ನಕ್ಕಿದ್ದನ್ನು ಕಂಡಿರಲಿಲ್ಲ ಎಂದಳು ಕಾರ್ಲಾ. ಆ ನಗುವಿನ ನಡುವೆಯೇ ಬೆನ್ನಿ ಗೋಡೆಯ ಮೊಳೆಗೆ ತೂಗಿದ್ದ ಕತ್ತರಿ ತೋರಿಸಿ, "ಸಿನ್ಯೋರಾ ಕತ್ತರಿಸಲಿ. ತಡವಾಗಿದೆ, ಪರವಾಗಿಲ್ಲ. ದ್ರಾಕ್ಷಿಯವರ ಕೈಗೆ ನಾನು ಹೇಳಿಕೊಡೋದೇನು?" ಎಂದರು. ಅತ್ತೆಯನ್ನು ಅವರು ಕರೆದದ್ದೇ ಹಾಗೆ, ಇಟಾಲಿಯನ್ನಿನಲ್ಲಿ ಅಮ್ಮಾವ್ರು ಅಂದ ಹಾಗೆ.

ಏಪ್ರಿಲ್ ಹುಟ್ಟಿದ ಮೊದಲ ಬಿಸಿಲಿನ ದಿನ, ಬೆನ್ನಿಯನ್ನು ಕಾರ್ಲಾ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ದಿದ್ದಾಗ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಟನೆಲ್ಲಿಗೆ ಹೋದರು. ನಾನು ಮೇಲೆ ಓದುತ್ತಿದ್ದೆ. ಕತ್ತರಿಯ ಸದ್ದು ಎಡೆಬಿಡದೆ, ಒಂದೇ ಲಯದಲ್ಲಿ ಕೇಳುತ್ತಿತ್ತು. ಮಧ್ಯಾಹ್ನ ಚಹಾ ಹಿಡಿದು ಇಳಿದೆ.

ಜಡೆ ಹೋಗಿತ್ತು. ಬುಡದಿಂದ ಹೊರಟ ತೋಳುಗಳ ಮೇಲೆ ಬೆರಳಿನ ಗೆಣ್ಣಿನಷ್ಟುದ್ದದ ಮೋಟುಗಳು ಮಾತ್ರ ಉಳಿದಿದ್ದವು. ಪ್ರತಿ ಮೋಟಿನ ತುದಿಯಿಂದಲೂ ತಿಳಿನೀರು ಇಳಿಯುತ್ತಿತ್ತು. ಒಂದು ಹನಿ ತುಂಬಿ, ನಡುಗಿ, ಬೀಳುತ್ತಿತ್ತು. ಅದರ ಹಿಂದೆ ಇನ್ನೊಂದು. ಅತ್ತೆ ಬಕೆಟ್ ಇಟ್ಟಿದ್ದರು. ಅವರ ಮುಖವೂ ಬಿಳಿಚಿತ್ತು.

"ನಮ್ಮಲ್ಲೂ ಹನಿ ಬರ್ತೈತಿ ಸುಧಾ. ಇಷ್ಟ್ ಬರೂದಿಲ್ಲ."

ನನಗೆ ಗೊತ್ತಿದ್ದ ಒಂದೇ ಕ್ರಮ ಆಸ್ಪತ್ರೆಯದು. ಹತ್ತಿ ಬಟ್ಟೆ ಹರಿದು ತುದಿಗಳಿಗೆ ಕಟ್ಟತೊಡಗಿದೆ. ಬಟ್ಟೆ ತೊಯ್ದು ಮತ್ತೆ ತೊಟ್ಟಿಕ್ಕಿತು. ಅಷ್ಟರಲ್ಲಿ ಬೆನ್ನಿ ಬಂದರು. ಕಾರ್ಲಾಳ ಭುಜ ಹಿಡಿದು ಬಾಗಿಲಲ್ಲಿ ನಿಂತರು. ನಾನು ಅಳುತ್ತಿದ್ದೆ. ನೀರು ನಿಲ್ಲುತ್ತಿಲ್ಲ, ಕ್ಷಮಿಸಿ, ಅಂದೆ.

"ನೀರಾ? ಅದು ಪ್ರತಿ ವಸಂತಕ್ಕೂ ಅಳುತ್ತೆ, ಅದಕ್ಕೇನೂ ಆಗಲ್ಲ," ಎಂದರು. ಅವರ ಕಣ್ಣು ಹನಿಗಳ ಮೇಲಿರಲೇ ಇಲ್ಲ. ತೋಳಿನಿಂದ ತೋಳಿಗೆ, ಮೋಟಿನಿಂದ ಮೋಟಿಗೆ ನಿಧಾನವಾಗಿ ಹೋಗುತ್ತಿತ್ತು. "ಕಡ್ಡಿ ಎಲ್ಲಿ? ಹಣ್ಣು ಕೊಡೋ ಮೊಗ್ಗು ಎಲ್ಲಿ?"

ನಾನು ಅತ್ತೆಯನ್ನು ಕೇಳಿದೆ. ಅದರ ಬಗ್ಗೆ ಅವರಿಗೆ ಗಾಬರಿಯೇ ಇರಲಿಲ್ಲ. "ಒಂದೊಂದ ಕಣ್ಣು, ಅಂದ್ರ ಒಂದೊಂದ ಮೊಗ್ಗು ಬಿಟ್ಟು ಹೊಡದೀನಿ. ಏಪ್ರಿಲ್ ಚಾಟ್ನಿ ಕಡ್ಡಿಗೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಈಗ ಕಡ್ಡಿ ಬೆಳಸೂದು. ಅಕ್ಟೋಬರದಾಗ ಇನ್ನೊಮ್ಮೆ ಕಡದ್ರ ಗೊನಿ ಬರ್ತಾವು. ಕಾಕಾರಿಗೆ ಚಿಂತಿ ಬ್ಯಾಡ ಅಂತ ಹೇಳು."

ಅವರು ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಬಳ್ಳಿ ಸವರುವುದಕ್ಕೆ ವಿಜಯಪುರದಲ್ಲಿ ಚಾಟ್ನಿ ಎನ್ನುತ್ತಾರೆ. ಅಲ್ಲಿ ಬಳ್ಳಿ ಚಳಿಗೆ ಮಲಗುವುದಿಲ್ಲ. ವರ್ಷಕ್ಕೆ ಎರಡು ಸಲ ಕಡಿದು, ಒಮ್ಮೆ ಕಡ್ಡಿಗೆ, ಒಮ್ಮೆ ಹಣ್ಣಿಗೆ ಎಬ್ಬಿಸುತ್ತಾರೆ. ಅದನ್ನು ಬೆನ್ನಿಗೆ ತಿಳಿಸಿ, ಅವರು ವಿವರಿಸಿದ್ದನ್ನು ಅತ್ತೆಗೆ ನಿಧಾನವಾಗಿ ಹೇಳಿದೆ: "ಅತ್ತೆ, ಇಲ್ಲಿ ಅಕ್ಟೋಬರಲ್ಲಿ ಎಲೆ ಉದುರುತ್ತೆ. ಆಮೇಲೆ ಚಳಿ. ಇಲ್ಲಿ ಒಂದೇ ಚಾಟ್ನಿ. ಹೋದ ವರ್ಷದ ಕಡ್ಡಿಯಲ್ಲಿರೋ ಮೊಗ್ಗೇ ಈ ವರ್ಷದ ಹಣ್ಣು."

ಅತ್ತೆ ಆಲೂಗಡ್ಡೆಯ ಖಾಲಿ ಕ್ರೇಟ್ ಬೋರಲು ಹಾಕಿ ಅದರ ಮೇಲೆ ಕೂತರು. ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕಿಟ್ಟರು. ಬೆನ್ನಿ ಕಾರ್ಲಾಳ ಭುಜ ಹಿಡಿದು ಒಳಗೆ ಹೊರಟರು. ಬೈದಿದ್ದರೆ ಮೇಲಾಗುತ್ತಿತ್ತು. ಅವರು ಹೋದ ಮೇಲೆ ಟನೆಲ್ಲಿನಲ್ಲಿ ಹನಿ ಬೀಳುವ ಸದ್ದೊಂದೇ ಉಳಿಯಿತು.

ಮಾರನೇ ಬೆಳಿಗ್ಗೆ ನಾನು ಎದ್ದು ನೋಡಿದರೆ ಅತ್ತೆ ಆಗಲೇ ಕೆಳಗಿದ್ದರು. ಬುಡಕ್ಕೆ ಕೈಯಿಟ್ಟು, ಒಂದೊಂದು ತೋಳನ್ನೂ ಬೆರಳಿನಿಂದ ಹಿಂಬಾಲಿಸುತ್ತಿದ್ದರು. ಕತ್ತರಿ ಮುಟ್ಟದ ಒಂದು ಕಡ್ಡಿಯಾದರೂ ಇರಬೇಕು ಎಂಬುದು ಅವರ ಹಟ. ಮೂಲೆಯಲ್ಲಿ ಪ್ಲಾಸ್ಟಿಕ್ ಹರಿದ ಕಡೆ ಅವರ ಬೆರಳು ನಿಂತಿತು. ನೆಲಕ್ಕೆ ತಾಗಿಕೊಂಡೇ ಹೋದ ಒಂದು ತೋಳು ಆ ಹರಕಿನಿಂದ ಹೊರಬಿದ್ದಿತ್ತು. ಹೊರಗೆ ಬೇಲಿಯ ಹಾಥಾರ್ನ್ ಮುಳ್ಳಿನ ಮರ. ಹೋದ ಬೇಸಿಗೆಯ ಉದ್ದನೆಯ ಕಡ್ಡಿಯೊಂದು ಅದರ ಕೊಂಬೆಗಳಲ್ಲಿ ಸುತ್ತಿ ಮೇಲಕ್ಕೆ ಹೋಗಿತ್ತು. ಮೊಗ್ಗುಗಳು ಊದಿಕೊಂಡು ನಸುಗೆಂಪು ತಿರುಗಿದ್ದವು.

"ಸುಧಾ! ಕಾಕಾರನ್ನ ಕರಿ!"

ಬೆನ್ನಿಯ ಕುರ್ಚಿಯನ್ನು ಮರದ ಕೆಳಗೆ ಹಾಕಿದೆವು. ಅವರು ತುಂಬ ಹೊತ್ತು ಮೇಲೆ ನೋಡಿ, "ತಾನೇ ಹೋಗಿ ಮದುವೆಯಾಗಿದ್ದಾಳೆ, ಯಾರನ್ನೂ ಕೇಳದೆ," ಎಂದರು. ಅದನ್ನು ಹೇಳಿದಾಗ ಅತ್ತೆ, "ನಾವೂ ಅರಳಿಗೂ ಬೇವಿಗೂ ಲಗ್ನ ಮಾಡ್ತೀವಿ. ಆದ್ರ ಈ ಚಳಿಯಾಗ ಈ ಸೊಸಿ ಹೊರಗ ಹಡಿಯಂಗಿಲ್ಲ. ತವರಿಗೆ ಕರಕೊಂಡು ಬರಬೇಕು," ಎಂದರು.

ಮರದ ನಾಲ್ಕು ಕೊಂಬೆ ಕಡಿದರೆ ಕಡ್ಡಿ ಅರ್ಧ ಗಂಟೆಯಲ್ಲಿ ಕೆಳಗಿರುತ್ತಿತ್ತು. ಕಾರ್ಲಾ ಬಾಗಿಲಿನಿಂದಲೇ ಕೂಗಿದಳು. "ಆ ಮರಕ್ಕೆ ಯಾರೂ ಕತ್ತರಿ ಹಾಕೋ ಹಾಗಿಲ್ಲ! ಹಾಥಾರ್ನ್ ಕಡಿದ ಮನೆ ಉದ್ಧಾರ ಆಗಲ್ಲ ಅಂತಾರೆ ಇಲ್ಲಿ. ನಾನು ಇಟಾಲಿಯನ್ನೇ ಇರಬಹುದು, ಹುಟ್ಟಿದ್ದು ಇದೇ ಕಿಲ್ಡೇರ್ ಸೀಮೆಯಲ್ಲಿ."

ಅತ್ತೆಗೆ ವಿವರಿಸುವುದೇ ಬೇಕಾಗಲಿಲ್ಲ. "ನಮ್ಮ ಬನ್ನಿ ಗಿಡ ಇದ್ದಂಗ. ಕೊಡ್ಲಿ ಹಾಕಬಾರದು. ಬಿಡಸೂಣು," ಎಂದು ತೋಳು ಮಡಚಿದರು.

ಬಿಡಿಸಲು ಎರಡು ದಿನ ಹಿಡಿಯಿತು. ಚಿಗುರುವ ಹೊತ್ತಿನ ಮೊಗ್ಗು ಬಟ್ಟೆ ತಾಗಿದರೂ ಕಳಚುತ್ತದೆ. ನಾನು ಏಣಿಯ ಮೇಲೆ, ಅತ್ತೆ ಕೆಳಗೆ ಕಡ್ಡಿಯ ಭಾರ ಹಿಡಿದು. ಬೆನ್ನಿ ಕುರ್ಚಿಯಿಂದಲೇ ಎಡಗೈಯಲ್ಲಿ ತೋರಿಸುತ್ತಿದ್ದರು, ಎಡಕ್ಕೆ, ಹಿಂದಕ್ಕೆ, ತಿರುಗಿಸು, ಎಳೀಬೇಡ. ಮುಳ್ಳು ನನ್ನ ಎರಡೂ ಮುಂಗೈ ಗೀರಿತು. ಪ್ರತಿ ಮೊಗ್ಗು ಕಳಚಿದಾಗಲೂ ಬೆನ್ನಿ ಉಳಿದವನ್ನು ಮತ್ತೆ ಎಣಿಸುತ್ತಿದ್ದರು. ಶಾಲೆಯಿಂದ ಬಂದ ಅವನಿಯನ್ನು ಅತ್ತೆ, "ಹಸಿವಾತೇನು ಪುಟ್ಟಿ?" ಅಂದರೆ, ಅವಳು ನಮ್ಮ ಮುಖ ನೋಡಿ ಪಿಸುಗುಟ್ಟಿದಳು: "ಐ ಆಮ್ ಗ್ರ್ಯಾಂಡ್, ಅಜ್ಜಿ." ಇಲ್ಲಿನವರ ಇಂಗ್ಲಿಷಿನಲ್ಲಿ ಗ್ರ್ಯಾಂಡ್ ಅಂದರೆ ಚೆನ್ನಾಗಿದೆ, ಪರವಾಗಿಲ್ಲ ಅಂತ ಅಷ್ಟೇ. ಕೊನೆಗೆ ಕಡ್ಡಿ ಹರಕಿನಿಂದ ಒಳಗೆ ಬಂತು. ಅತ್ತೆ ಅದನ್ನು ಟನೆಲ್ಲಿನ ಪೈಪಿಗೆ ಸುತಳಿಯಲ್ಲಿ, ಎಳೆಗೂಸಿನ ಕೈ ಹಿಡಿದಷ್ಟು ಸಡಿಲವಾಗಿ ಕಟ್ಟಿದರು. ಅದರಲ್ಲಿ ಐದು ಮೊಗ್ಗು ಉಳಿದಿದ್ದವು.

ಮೇ ತಿಂಗಳ ಒಂದು ಬೆಳಿಗ್ಗೆ ಹುಲ್ಲಿನ ಮೇಲೆಲ್ಲ ಇಬ್ಬನಿ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು. ಪಕ್ಕದ ಮನೆಯ ಸೇಬಿನ ಹೂ ಕಪ್ಪಾಗಿದ್ದವು. ಟನೆಲ್ಲಿನೊಳಗೆ ಐದೂ ಚಿಗುರು ಒದ್ದೆಯಾಗಿ, ಹಸಿರಾಗಿ ಇದ್ದವು. ಜೂನಿನಲ್ಲಿ ಮೂರು ಚಿಗುರು ಹೂ ಬಿಟ್ಟವು, ಹೂ ಅನ್ನುವಷ್ಟು ದೊಡ್ಡವಲ್ಲ, ಹಸಿರು ಧೂಳಿನ ಹಾಗೆ. ಗಾಳಿಯಿಲ್ಲದ ಜಾಗ ಅಂತ ಅತ್ತೆ ದಿನಾ ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದರು. ಕಾಯಿ ಸಾಸಿವೆಯಷ್ಟಾದಾಗ ಅವರ ವೀಸಾ ಮುಗಿಯಿತು. ಹೊರಡುವ ದಿನ ಬೆನ್ನಿಯ ಎಡಗೈಗೆ ಕತ್ತರಿ ಕೊಟ್ಟು, ಬೆರಳುಗಳನ್ನು ತಾವೇ ಮಡಚಿ, "ಜನವರಿಯಾಗ ನೀವ ಹೊಡೀಬೇಕು ಕಾಕಾ. ನನ್ನ ಕೈಯಾಗ ಕೊಡಬ್ಯಾಡ್ರಿ," ಎಂದರು. ನಾನು ಇಂಗ್ಲಿಷಿಗೆ ತಿರುಗಿಸುವ ಮೊದಲೇ ಬೆನ್ನಿ ತಲೆಯಾಡಿಸಿದರು.

ಆ ಬೇಸಿಗೆ ನನ್ನ ದಿನಕ್ಕೆ ಎರಡೇ ಕೆಲಸ, ಓದುವುದು ಮತ್ತು ಟನೆಲ್. ಬೆನ್ನಿಯ ಎಡಗೈಗೆ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒತ್ತಿ ಬಿಡುವ ಅಭ್ಯಾಸ ಮಾಡಿಸುತ್ತಿದ್ದೆ. ಅವರು ಶಾಪ ಹಾಕುತ್ತಿದ್ದರು, ಕ್ಲಿಪ್ ಎಸೆಯುತ್ತಿದ್ದರು, ಮತ್ತೆ ಕೈ ಚಾಚುತ್ತಿದ್ದರು. ಅತ್ತೆ ಕಡಿದ ಮೋಟುಗಳಿಂದ ಹೊಸ ಕಡ್ಡಿಗಳು ಒಂದೇ ಉಸಿರಿಗೆ ಚಾವಣಿ ಮುಟ್ಟಿದವು, ಒಂದರಲ್ಲೂ ಕಾಯಿ ಇರಲಿಲ್ಲ. "ಎಲೆಯ ಬೆಳೆ ಮಾತ್ರ ಗ್ರ್ಯಾಂಡ್," ಎನ್ನುತ್ತಿದ್ದರು ಬೆನ್ನಿ. ಅತ್ತೆ ವಿಡಿಯೊ ಕಾಲ್ ಮಾಡಿ, ಆ ಎಲೆ ತಗಿ, ಗೊನಿಗೆ ಗಾಳಿ ಆಡಬೇಕು, ಎನ್ನುತ್ತಿದ್ದರು.

ಆಗಸ್ಟಿನಲ್ಲಿ ವಾರಗಟ್ಟಲೆ ಮಳೆ. ಒಂದು ಗೊಂಚಲಿಗೆ ಬೂದು ಬೂಷ್ಟು ಹಿಡಿಯಿತು. ಅದನ್ನು ಕತ್ತರಿಸಲು ಹೋಗಿ ಕತ್ತರಿ ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಹೆಣಗಳನ್ನು ಕೊಯ್ದು ಕಲಿತ ಕೈ ನನ್ನದು. ಮುಂದಿನ ವಾರ ಇನ್ನೊಂದು ಹೋಯಿತು. ಉಳಿದ ಒಂದಕ್ಕೆ ಬೆನ್ನಿ ದಿನವಿಡೀ ಕಾವಲು ಕೂತರು, ಫ್ಯಾನ್ ಹಚ್ಚಿಕೊಂಡು, ಕೋಟು ತೊಟ್ಟುಕೊಂಡು.

ಎಲೆನಾ ಅಕ್ಟೋಬರಿನ ಕೊನೆಗೆ ಬಂದಳು. ಮಾತು ಕಡಿಮೆಯ ಹುಡುಗಿ, ಉಗುರಿನಲ್ಲಿ ಮಣ್ಣು. ಮೊದಲು ಎಲೆ ನೋಡಿದಳು. ಆಮೇಲೆ ಫೋನಿನಲ್ಲಿ ಗೋಡೆಯ ಚಿತ್ರ ತೆರೆದು ಗೊಂಚಲಿನ ಪಕ್ಕಕ್ಕೆ ಹಿಡಿದಳು. ಕಪ್ಪಗೆ ತಿರುಗಿದ ಗೊಂಚಲು, ಅದರ ಪಕ್ಕಕ್ಕೆ ಉದ್ದ ತೊಟ್ಟಿನಲ್ಲಿ ತೂಗುವ ಪುಟ್ಟದು. ನನ್ನ ಫೋನಿನಲ್ಲಿ ಅತ್ತೆಯೂ ನೋಡುತ್ತಿದ್ದರು. "ಕೂಸನ್ನ ಬಗಲಾಗ ಹೊತ್ತ ನಿಂತಾಳ ನೋಡು," ಎಂದರು. ಎಲೆನಾಗೆ ಅರ್ಥವಾಗಲಿಲ್ಲ, ಆದರೆ ಆ ದನಿಗೆ ತಿರುಗಿ ನೋಡಿದಳು. ಕಣ್ಣು ತುಂಬಿತ್ತು. ಒಂದು ಹಣ್ಣು ಕಿತ್ತು ಬೆನ್ನಿಯ ಬಾಯಿಗಿಟ್ಟಳು.

ಬೆನ್ನಿ ಮುಖ ಕಿವುಚಿದರು. "ಹುಳಿ."

ಎಲೆನಾ ಫೋನು ಕೆಳಗಿಳಿಸಿದಳು.

"ಗುಡ್ಡದ ಮೇಲೂ ಹುಳಿಯೇ ಇತ್ತು," ಎಂದು ಬೀಜ ಉಗುಳಿದರು. "ಅದೇ ಇದು."

ಜನವರಿಯಲ್ಲಿ ಅವಳು ಮತ್ತೆ ಬಂದಳು, ಗಿಡ ಸಾಗಿಸುವ ಪರವಾನಗಿ ಮಾಡಿಸಿಕೊಂಡು. ಒಂದು ಪಾತಿ ತುಂಬುವಷ್ಟು ಕಡ್ಡಿ ಹಳೆಯ ಬಳ್ಳಿಯಲ್ಲಿ ಎಲ್ಲಿ ಸಿಕ್ಕೀತು ಎಂಬ ಅನುಮಾನ ಅವಳಿಗಿತ್ತಂತೆ. ಟನೆಲ್ಲಿನೊಳಗೆ ಕಾಲಿಟ್ಟು ನಿಂತುಬಿಟ್ಟಳು. ಹಣ್ಣು ಕೊಡದ ಆ ಮೋಟುಗಳು ಬೇಸಿಗೆಯೆಲ್ಲ ಬೆಳೆಸಿದ್ದು ಇದನ್ನೇ; ಪೆನ್ಸಿಲ್ ದಪ್ಪದ, ನೆಟ್ಟಗಿನ, ಕಂದು ಬಣ್ಣಕ್ಕೆ ಬಲಿತ ಕಡ್ಡಿಗಳು ಚಾವಣಿಯ ಉದ್ದಕ್ಕೂ. ಇಷ್ಟು ಒಳ್ಳೆಯ ಕಡ್ಡಿ ಎಸ್ಟೇಟಿನಲ್ಲೂ ನೋಡಿಲ್ಲ, ಎಂದಳು.

ಫೋನಿನಿಂದ ಅತ್ತೆ ಕೇಳಿದರು, ಏನಂತಾಳ? ನಾನು ಹೇಳಿದೆ.

"ಏಪ್ರಿಲ್ ಚಾಟ್ನಿ ಕಡ್ಡಿಗೆ ಅಂತ ನಾ ಅವತ್ತ ಹೇಳಿದ್ದಿಲ್ಲೇನು?"

ಬೆನ್ನಿಗೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚಾವಣಿಯ ಕಡ್ಡಿಗಳತ್ತ ಕಣ್ಣೆತ್ತಿ, "ಮುಂದಿನ ಸಲ ಕತ್ತರಿಸೋಕೆ ಮುಂಚೆ ಹೇಳಬೇಕು ಅಂತ ಹೇಳು ಸಿನ್ಯೋರಾಗೆ," ಎಂದರು. ಆಮೇಲೆ ಎಡಗೈಯಲ್ಲಿ ಕತ್ತರಿ ತೆಗೆದುಕೊಂಡರು. ಮೊದಲನೆಯ ಕಡ್ಡಿಗೆ ಕತ್ತರಿ ಎರಡು ಸಲ ಜಾರಿತು. ಹಿಡಿಯಲು ಹೋದ ನನ್ನ ಕೈಯನ್ನು ಅವರು ಕಣ್ಣಿನಲ್ಲೇ ತಡೆದರು. ಮೂರನೇ ಸಲ ಕಡಿಯಿತು. ಅಂದು ಸಂಜೆಯವರೆಗೆ ಪ್ರತಿಯೊಂದು ಕಡ್ಡಿಯನ್ನೂ ಅವರೇ ಕತ್ತರಿಸಿದರು. ಎಲೆನಾ ಒದ್ದೆ ಗೋಣಿತಟ್ಟು ತಂದಿದ್ದಳು.

ಬೆನ್ನಿ ಈಗ ಇಲ್ಲ. ಆ ಪಾತಿಯಲ್ಲಿ ಸಸಿಗಳು ಮೇಲೆದ್ದ ಫೋಟೊ ನೋಡಿಯೇ ಹೋದರು. ಅತ್ತೆಗೂ ಅದನ್ನು ಕಳಿಸಿದ್ದೆ. "ಸಾಲು ಛಲೋ ಹಿಡದಾರ, ಕಟ್ಟೂದು ಬಿಗಿ ಆಗೈತಿ," ಎಂದು ಉತ್ತರ ಬಂತು. ನಾನು ಪರೀಕ್ಷೆ ಪಾಸಾಗಿ, ಬೆನ್ನಿ ವ್ಯಾಯಾಮಕ್ಕೆ ಹೋಗುತ್ತಿದ್ದ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದೇನೆ. ಪ್ರತಿ ಜನವರಿಗೆ ಒಂದು ಭಾನುವಾರ ಹಿತ್ತಿಲಿಗೆ ಹೋಗಿ ಬಳ್ಳಿಯನ್ನು ಕತ್ತರಿಸುತ್ತೇನೆ. ಬುಡದ ಹತ್ತಿರದಿಂದ ಹೊರಟು ನೆಲಕ್ಕೆ ತಾಗಿಕೊಂಡು ಹೋಗುವ ತೋಳನ್ನು ಮಾತ್ರ ಮುಟ್ಟುವುದಿಲ್ಲ.

ಕಳೆದ ವಾರ ಚಿಪ್ಸ್ ಕಟ್ಟಿಕೊಡುತ್ತ ಕಾರ್ಲಾ ಮತ್ತೆ ಕೇಳಿದಳು, ಆ ತೋಳು ಹೊರಬಿದ್ದ ಟನೆಲ್ಲಿನ ಹರಕಿಗೆ ಈ ಸಲವಾದರೂ ಟೇಪ್ ಹಾಕಿಸಲಾ, ಒಳಗೆಲ್ಲ ಗಾಳಿ ನುಗ್ಗುತ್ತೆ ಅಂತ.

ಬೇಡ ಅಂದೆ. ಅದು ಹಾಗೇ ಇರಲಿ.